ಕೋಟೋ, ಸ್ವೆಟರೋ? ಉಣ್ಣೆಯ ಜಾಕೆಟ್ಟೊಂದರ ಸುಂಕದ ಚರಿತ್ರೆ

ಅಂಗಡಿಯಲ್ಲಿ ಸ್ವೆಟರ್ ಕೊಂಡಾಗ ಕೊಡುವ ಬಿಲ್ಲನ್ನು ಗಮನವಿಟ್ಟು ನೋಡಿದರೆ ಅದರಲ್ಲಿ ಅನೇಕ ವೇಳೆ 'ಎಚ್‌ಎಸ್‌ಎನ್' ಎಂಬ ಅಕ್ಷರಗಳೂ ಅವುಗಳ ಕೆಳಗೆ 61 ಎಂದು ಆರಂಭವಾಗುವ ಒಂದು ಸಂಖ್ಯೆಯೂ ಕಾಣುತ್ತವೆ. 2017ರಲ್ಲಿ ಜಿಎಸ್‌ಟಿ ಜಾರಿಗೆ ಬಂದ ಮೇಲೆ ಈ ಸಂಖ್ಯೆ ಜನಸಾಮಾನ್ಯರ ಕಣ್ಣಿಗೂ ಬೀಳತೊಡಗಿತು. ಆದರೆ ಅದು ಹುಟ್ಟಿದ್ದು ತೆರಿಗೆ ಕಚೇರಿಯಲ್ಲಲ್ಲ, ಬಂದರುಗಳ ಸುಂಕದ ಕಟ್ಟೆಯಲ್ಲಿ. ಸರಕುಗಳನ್ನು ಗುರುತಿಸಿ ಹೆಸರಿಡುವ ಈ ಅಂತಾರಾಷ್ಟ್ರೀಯ ಪಟ್ಟಿಯನ್ನು ಇಂದು 200ಕ್ಕೂ ಹೆಚ್ಚು ದೇಶಗಳು ಮತ್ತು ಆರ್ಥಿಕ ವಲಯಗಳು ಬಳಸುತ್ತಿವೆ. ಹಡಗಿನಲ್ಲಿ ಬರುವ ಕುದುರೆಯಿಂದ ಹಿಡಿದು ಕಂಪ್ಯೂಟರಿನವರೆಗೆ ಪ್ರತಿಯೊಂದು ವಸ್ತುವಿಗೂ ಅದರಲ್ಲಿ ಆರು ಅಂಕಿಗಳ ಒಂದು ಸ್ಥಾನವಿದೆ.

ಉದಾಹರಣೆಗೆ 610431 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳೋಣ. ಮೊದಲ ಎರಡು ಅಂಕಿಗಳು ಅಧ್ಯಾಯವನ್ನು ಸೂಚಿಸುತ್ತವೆ: 61 ಎಂದರೆ ಹೆಣೆದ ಉಡುಪುಗಳು. ನಾಲ್ಕು ಅಂಕಿಗಳು ಸೇರಿ ಶೀರ್ಷಿಕೆಯಾಗುತ್ತದೆ: 6104 ಎಂದರೆ ಹೆಂಗಸರ ಮತ್ತು ಹುಡುಗಿಯರ ಸೂಟು, ಜಾಕೆಟ್ಟು, ಲಂಗ, ಪ್ಯಾಂಟು ಇತ್ಯಾದಿ. ಆರೂ ಅಂಕಿಗಳು ಸೇರಿದರೆ ಉಪಶೀರ್ಷಿಕೆ: ಉಣ್ಣೆಯ ಅಥವಾ ನಯವಾದ ಪ್ರಾಣಿರೋಮದ ಜಾಕೆಟ್ಟು. ಓದುವುದಕ್ಕೆ ಇದು ಸರಳವಾಗಿಯೇ ಇದೆ. ಆದರೆ ಉಣ್ಣೆಯ ದಾರದಿಂದ ಹೆಣೆದ, ಮುಂಭಾಗ ಪೂರ್ತಿ ತೆರೆಯುವ, ಗುಂಡಿಗಳಿರುವ ಒಂದು ಉಡುಪು ಮೇಜಿನ ಮೇಲೆ ಬಂದಾಗ ಅದು 610431ರ ಜಾಕೆಟ್ಟೋ, 611011ರ ಸ್ವೆಟರೋ ಅಥವಾ 610210ರ ಮೇಲಂಗಿಯೋ ಎಂಬ ಪ್ರಶ್ನೆ ಏಳುತ್ತದೆ. ಹೆಸರು ಬದಲಾದರೆ ಸುಂಕ ಬದಲಾಗುತ್ತದೆ. ಒಂದು ಕಾಲದಲ್ಲಿ ಹೆಸರು ಬದಲಾದರೆ ಆ ಉಡುಪು ದೇಶದೊಳಗೆ ಬರುವುದೇ ನಿಂತುಹೋಗಬಹುದಾಗಿತ್ತು. ಈ ಗೆರೆಗಳನ್ನು ಎಳೆದವರು ಯಾರು, ಏಕೆ ಎಳೆದರು ಎಂಬುದನ್ನು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ಉದಾಹರಣೆಯಿಂದ ತಿಳಿಯಬಹುದು. ಉಣ್ಣೆಯ ಸುಂಕದ ದೀರ್ಘ ಇತಿಹಾಸ ಇರುವ ದೇಶ ಅದು.

ನೇಯ್ದದ್ದು ಮತ್ತು ಹೆಣೆದದ್ದು

ಮೊದಲು ತಂತ್ರಜ್ಞಾನದ ಒಂದು ಮಾತು. ನಮ್ಮ ಕುರುಬರ ಕಂಬಳಿಯೂ ಉಣ್ಣೆಯದೇ, ಸ್ವೆಟರೂ ಉಣ್ಣೆಯದೇ. ಆದರೆ ಕಂಬಳಿ ನೇಯ್ದದ್ದು, ಸ್ವೆಟರ್ ಹೆಣೆದದ್ದು. ನೇಯ್ಗೆಯಲ್ಲಿ ಹಾಸು ಮತ್ತು ಹೊಕ್ಕು ಎಂಬ ಎರಡು ಸಾಲು ದಾರಗಳು ಒಂದಕ್ಕೊಂದು ಅಡ್ಡವಾಗಿ ಹಾಯುತ್ತವೆ. ಹೆಣಿಗೆಯಲ್ಲಿ ದಾರವು ಕುಣಿಕೆಯಾಗಿ ಬಾಗಿ, ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಹೊರಬರುತ್ತದೆ. ಕುಣಿಕೆಗಳು ಎಳೆದಾಗ ಹಿಗ್ಗಿ, ಬಿಟ್ಟಾಗ ಕುಗ್ಗುವುದರಿಂದ ಹೆಣೆದ ಬಟ್ಟೆ ಮೈಗೆ ಹೊಂದಿಕೊಳ್ಳುತ್ತದೆ. ಕಾಲುಚೀಲ, ಒಳ ಅಂಗಿಗಳಿಗೆ ಹೆಣಿಗೆ ಬಳಕೆಯಾದದ್ದು ಈ ಗುಣದಿಂದಲೇ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಂ ಪ್ರಾಂತದ ವಿಲಿಯಂ ಲೀ 1589ರಲ್ಲಿ ಕಾಲುಚೀಲ ಹೆಣೆಯುವ ಚೌಕಟ್ಟನ್ನು ರೂಪಿಸಿದ. 1864ರಲ್ಲಿ ವಿಲಿಯಂ ಕಾಟನ್ ಎಂಬಾತ ಪೇಟೆಂಟ್ ಪಡೆದ ಯಂತ್ರವು ಹೆಣೆಯುತ್ತಲೇ ಕುಣಿಕೆಗಳನ್ನು ಹೆಚ್ಚು ಕಡಿಮೆ ಮಾಡಿ ತೋಳು, ಬೆನ್ನು ಮೊದಲಾದ ಭಾಗಗಳಿಗೆ ಆಕಾರ ಕೊಡಬಲ್ಲದಾಗಿತ್ತು. ಹೀಗಾಗಿ ಹೆಣೆದ ಉಡುಪಿನ ಕಾರ್ಖಾನೆ, ಯಂತ್ರ, ಕುಶಲಕರ್ಮಿಗಳು ಎಲ್ಲವೂ ನೇಯ್ಗೆ ಮತ್ತು ದರ್ಜಿ ಕೆಲಸದಿಂದ ಬೇರೆಯಾಗಿಯೇ ಬೆಳೆದವು. ಸುಂಕಪಟ್ಟಿಗಳು ಇಂದಿಗೂ ಹೆಣೆದ ಉಡುಪಿಗೆ 61ನೇ ಅಧ್ಯಾಯವನ್ನೂ ಉಳಿದ ಉಡುಪಿಗೆ 62ನೇ ಅಧ್ಯಾಯವನ್ನೂ ಮೀಸಲಿಡುವುದರ ಹಿಂದೆ ಈ ಎರಡು ಉದ್ಯಮಗಳ ಹಳೆಯ ಬೇರ್ಪಡೆ ಇದೆ.

ತೊಡುವವರು ಮಾತ್ರ ಈ ಬೇರ್ಪಡೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಕ್ರಿಮಿಯಾ ಯುದ್ಧದ (1853-56) ಸೇನಾನಿ ಕಾರ್ಡಿಗನ್ ಪ್ರಭುವಿನ ಹೆಸರು ಮುಂದೆ ತೆರೆಯುವ ಉಣ್ಣೆಯ ಹೆಣಿಗೆ ಅಂಗಿಗೆ ಅಂಟಿಕೊಂಡಿತು. 1910ರ ದಶಕದಲ್ಲಿ ಫ್ರಾನ್ಸಿನ ಗೇಬ್ರಿಯಲ್ ಶನೆಲ್ ಅಲ್ಲಿಯವರೆಗೆ ಹೆಚ್ಚಾಗಿ ಒಳ ಉಡುಪಿಗೆ ಬಳಕೆಯಾಗುತ್ತಿದ್ದ ಜೆರ್ಸಿ ಎಂಬ ಹೆಣೆದ ಬಟ್ಟೆಯಿಂದ ಹೆಂಗಸರ ಹೊರ ಉಡುಪುಗಳನ್ನು ಹೊಲಿಸಿದಳು. ಸ್ವೆಟರಿನ ಬಟ್ಟೆ ಕೋಟಿನ ಆಕಾರ ತಾಳಿತು. ಸುಂಕದ ಅಧಿಕಾರಿಗಳ ತಲೆನೋವಿಗೆ ಮೂಲ ಇಲ್ಲಿದೆ.

ಉಣ್ಣೆಗೆ ಎರಡು ಪಟ್ಟಿನ ಸುಂಕ

ಅಮೆರಿಕದಲ್ಲಿ ಉಣ್ಣೆಯ ವಿಷಯಕ್ಕೆ ಇಬ್ಬರು ಹಕ್ಕುದಾರರು. ಕುರಿ ಸಾಕುವವರು ಹೊರದೇಶದ ಕಚ್ಚಾ ಉಣ್ಣೆಯ ಮೇಲೆ ಸುಂಕ ಬೇಕೆಂದರು. ಗಿರಣಿ ಮಾಲೀಕರು ಹೊರದೇಶದ ಬಟ್ಟೆಯ ಮೇಲೆ ಸುಂಕ ಬೇಕೆಂದರು. ಕಚ್ಚಾ ಉಣ್ಣೆ ತುಟ್ಟಿಯಾದರೆ ಗಿರಣಿಗೆ ನಷ್ಟ. ಇಬ್ಬರನ್ನೂ ಸಮಾಧಾನಪಡಿಸಲು 1867ರ ಉಣ್ಣೆ ಕಾಯಿದೆ ಸುಂಕವನ್ನು ಎರಡು ಭಾಗ ಮಾಡಿತು. ಮೊದಲನೆಯದು ತೂಕದ ಮೇಲೆ, ಎರಡನೆಯದು ಬೆಲೆಯ ಮೇಲೆ. ಉಣ್ಣೆಯ ಬಟ್ಟೆಗೆ ಪೌಂಡಿಗೆ 50 ಸೆಂಟ್ ಮತ್ತು ಅದರ ಜೊತೆಗೆ ಬೆಲೆಯ ಶೇಕಡ 35 ಎಂದು ನಿಗದಿಯಾಯಿತು. ತೂಕದ ಭಾಗ ಗಿರಣಿಯವರು ಕಚ್ಚಾ ಉಣ್ಣೆಗೆ ತೆತ್ತ ಸುಂಕಕ್ಕೆ ಪರಿಹಾರ. ಬೆಲೆಯ ಭಾಗ ಅವರಿಗೆ ಸಿಗುವ ನಿಜವಾದ ರಕ್ಷಣೆ ಎಂಬುದು ಇದರ ಹಿಂದಿನ ತರ್ಕ.

ಒಂದು ಪೌಂಡ್ ಬಟ್ಟೆಗೆ ನಾಲ್ಕು ಪೌಂಡ್ ಕಚ್ಚಾ ಉಣ್ಣೆ ಬೇಕು ಎಂಬ ಲೆಕ್ಕದ ಮೇಲೆ ಆ ಪರಿಹಾರ ನಿಂತಿತ್ತು. ಕುರಿಯಿಂದ ಕತ್ತರಿಸಿದ ಉಣ್ಣೆಯಲ್ಲಿ ಜಿಡ್ಡು, ಮಣ್ಣು, ಕಸ ಸೇರಿರುವುದರಿಂದ ತೊಳೆದಾಗ ತೂಕ ಬಹಳ ಇಳಿಯುತ್ತದೆ ಎಂಬುದು ನಿಜ. ಆದರೆ ಎಲ್ಲ ಬಟ್ಟೆಗೂ ಅಷ್ಟು ಉಣ್ಣೆ ಬೇಕಿಲ್ಲ. ಅಗ್ಗದ ಬಟ್ಟೆಯಲ್ಲಿ ಹತ್ತಿಯೂ ಹಳೆಯ ಬಟ್ಟೆಯಿಂದ ಹಿಂಜಿ ತೆಗೆದ ಉಣ್ಣೆಯೂ ಬೆರೆತಿರುತ್ತಿದ್ದವು. ಅಂಥ ಬಟ್ಟೆಗೂ ಅದೇ ದರ ಹಾಕಿದಾಗ ಪರಿಹಾರವೆಂಬುದು ಬಚ್ಚಿಟ್ಟ ರಕ್ಷಣೆಯಾಗಿಬಿಟ್ಟಿತು. 1888ರಲ್ಲಿ ಅಮೆರಿಕದ ಸುಂಕಗಳ ಇತಿಹಾಸ ಬರೆದ ಅರ್ಥಶಾಸ್ತ್ರಜ್ಞ ಫ್ರಾಂಕ್ ಟೌಸಿಗ್ ಈ ಅಂಶವನ್ನು ವಿವರವಾಗಿ ತೋರಿಸಿದರು. ತೂಕದ ಮೇಲಿನ ಸುಂಕಕ್ಕೆ ಇನ್ನೂ ಒಂದು ಗುಣವಿದೆ. ಅಗ್ಗದ ಬಟ್ಟೆಗೂ ದುಬಾರಿ ಬಟ್ಟೆಗೂ ಕಿಲೋವಿಗೆ ಒಂದೇ ಮೊತ್ತ ಬೀಳುವುದರಿಂದ ಬೆಲೆಗೆ ಹೋಲಿಸಿದರೆ ಅಗ್ಗದ ಬಟ್ಟೆಗೇ ಭಾರ ಹೆಚ್ಚು. 

ಕಚ್ಚಾ ಉಣ್ಣೆಯ ಸುಂಕ 1894ರಲ್ಲಿ ರದ್ದಾಗಿ 1897ರಲ್ಲಿ ಮರಳಿತು. 1913ರಲ್ಲಿ ಮತ್ತೆ ರದ್ದಾಗಿ, ಮೊದಲ ಮಹಾಯುದ್ಧದ ನಂತರ ಮತ್ತೆ ಬಂದಿತು. 1930ರ ಪ್ರಸಿದ್ಧ ಸ್ಮೂಟ್-ಹಾಲಿ ಕಾಯಿದೆಯಲ್ಲಿ ಅದು ಶುದ್ಧ ಉಣ್ಣೆಯ ಲೆಕ್ಕದಲ್ಲಿ ಪೌಂಡಿಗೆ 34 ಸೆಂಟ್ ಆಯಿತು. ದರಗಳು ಏರಿಳಿದರೂ 'ತೂಕಕ್ಕೆ ಇಷ್ಟು, ಬೆಲೆಗೆ ಇಷ್ಟು' ಎಂಬ ಆ ಇಮ್ಮಡಿ ರೂಪ ಉಣ್ಣೆಯ ಜಾಕೆಟ್ಟಿನಲ್ಲಿ ಇಂದಿಗೂ ಉಳಿದಿದೆ.

ಹೆಸರುಗಳಿಗೆ ಒಂದು ಪಟ್ಟಿ

ಪ್ರತಿ ದೇಶವೂ ತನ್ನದೇ ಪಟ್ಟಿ ಇಟ್ಟುಕೊಂಡಿದ್ದ ಕಾಲದಲ್ಲಿ ಒಂದು ದೇಶದ ವ್ಯಾಪಾರದ ಅಂಕಿಅಂಶವನ್ನು ಇನ್ನೊಂದರದಕ್ಕೆ ಹೋಲಿಸುವುದು ಅಸಾಧ್ಯವಾಗಿತ್ತು. 1913ರ ಡಿಸೆಂಬರ್ 31ರಂದು ಬ್ರಸೆಲ್ಸ್‌ನಲ್ಲಿ 29 ದೇಶಗಳು ಸಹಿ ಹಾಕಿದ ಒಪ್ಪಂದವು ಎಲ್ಲ ಸರಕುಗಳನ್ನು ಐದು ಗುಂಪು, 186 ಬಾಬುಗಳಲ್ಲಿ ಹಂಚಿತು. ಇದು ಎಣಿಕೆಗೆ ಮಾತ್ರ ಸಾಕಾಗುವಂತಿತ್ತು, ಸುಂಕ ವಿಧಿಸಲು ಸಾಲದು. 1927ರ ವಿಶ್ವ ಆರ್ಥಿಕ ಸಮ್ಮೇಳನದ ಸಲಹೆಯಂತೆ ಲೀಗ್ ಆಫ್ ನೇಶನ್ಸ್ ತಜ್ಞರು ಜಿನೀವಾದಲ್ಲಿ ರೂಪಿಸಿದ ಪಟ್ಟಿ 1937ರ ಪರಿಷ್ಕರಣೆಯಲ್ಲಿ 21 ವಿಭಾಗ, 86 ಅಧ್ಯಾಯ, 991 ಶೀರ್ಷಿಕೆಗಳನ್ನು ಒಳಗೊಂಡಿತ್ತು. ಎರಡನೆಯ ಮಹಾಯುದ್ಧ ಆ ಕೆಲಸವನ್ನು ನಿಲ್ಲಿಸಿತು.

ಯುದ್ಧಾನಂತರ 1950ರ ಡಿಸೆಂಬರಿನಲ್ಲಿ ಮತ್ತೆ ಬ್ರಸೆಲ್ಸ್‌ನಲ್ಲಿಯೇ ಹೊಸ ಒಡಂಬಡಿಕೆ ಸಿದ್ಧವಾಗಿ 1959ರಲ್ಲಿ ಜಾರಿಗೆ ಬಂದಿತು. 'ಬ್ರಸೆಲ್ಸ್ ನಾಮಾವಳಿ' ಎಂದು ಹೆಸರಾದ ಈ ಪಟ್ಟಿಯನ್ನು ಯುರೋಪಿನ ದೇಶಗಳೂ ಮುಂದೆ ಏಷ್ಯಾ, ಆಫ್ರಿಕಾದ ಅನೇಕ ದೇಶಗಳೂ ಒಪ್ಪಿಕೊಂಡವು. ಭಾರತದ 1975ರ ಕಸ್ಟಮ್ಸ್ ಟ್ಯಾರಿಫ್ ಕಾಯಿದೆಗೂ ಇದೇ ತಳಹದಿ.

ನಮ್ಮ ಜಾಕೆಟ್ಟಿನ ದೃಷ್ಟಿಯಿಂದ ಈ ನಾಮಾವಳಿಯಲ್ಲಿ ಒಂದು ಸ್ವಾರಸ್ಯವಿದೆ. ಅದರಲ್ಲಿ ನೇಯ್ದ ಬಟ್ಟೆಯ ಹೊರ ಉಡುಪುಗಳಿಗೆ ಗಂಡಸರದು 6101, ಹೆಂಗಸರದು 6102 ಎಂದು ಪ್ರತ್ಯೇಕ ಶೀರ್ಷಿಕೆಗಳಿದ್ದವು. ಆದರೆ ಹೆಣೆದ ಹೊರ ಉಡುಪುಗಳೆಲ್ಲಕ್ಕೂ ಇದ್ದದ್ದು 6005 ಎಂಬ ಒಂದೇ ಶೀರ್ಷಿಕೆ. ಸ್ವೆಟರ್, ಕಾರ್ಡಿಗನ್, ಜಾಕೆಟ್ಟು, ಲಂಗ, ಗಂಡಸರದು, ಹೆಂಗಸರದು ಎಲ್ಲವೂ ಅಲ್ಲಿಯೇ. ಹೆಣೆದ ಬಟ್ಟೆಯನ್ನು ಒಂದೇ ಹೊಸೈರಿ ಉದ್ಯಮದ ಸರಕೆಂದು ಕಂಡ ಹಳೆಯ ದೃಷ್ಟಿ ಅದು.

ಅಮೆರಿಕ ಈ ನಾಮಾವಳಿಯನ್ನು ಒಪ್ಪಿಕೊಳ್ಳಲಿಲ್ಲ. 1963ರಲ್ಲಿ ಜಾರಿಗೆ ತಂದ ತನ್ನದೇ ಸುಂಕಪಟ್ಟಿಯಲ್ಲಿ ಅದು ಉಡುಪುಗಳನ್ನು ಕಸೂತಿ, ಲೇಸು ಮೊದಲಾದ ಅಲಂಕಾರ ಉಳ್ಳವು, ಇಲ್ಲದವು ಎಂದು ವಿಂಗಡಿಸಿತು. ಮಿಶ್ರ ನೂಲಿನ ಉಡುಪು ಯಾವ ನಾರಿನದು ಎಂಬುದನ್ನು ತೂಕದಿಂದಲ್ಲ, ಬೆಲೆಯಿಂದ ನಿರ್ಧರಿಸಿತು. ಅಂದರೆ ಒಂದು ಸ್ವೆಟರಿನಲ್ಲಿ ಅಕ್ರಿಲಿಕ್ ಹೆಚ್ಚು ತೂಗಿದರೂ ಅದರಲ್ಲಿನ ಕಾಶ್ಮೀರ ಮೇಕೆಯ ರೋಮದ ಬೆಲೆ ಹೆಚ್ಚಿದ್ದರೆ ಅದು ರೋಮದ ಉಡುಪು. ಮಾರುಕಟ್ಟೆಯಲ್ಲಿ ನಾರಿನ ಬೆಲೆ ಏರಿಳಿದಂತೆ ಅದೇ ಉಡುಪಿನ ವರ್ಗವೂ ಬದಲಾಗಬಹುದಾಗಿತ್ತು.

ಕೋಟಾದ ಮೂರು ದಶಕ

1974ರ ಜನವರಿಯಿಂದ 'ಬಹುನಾರು ಒಪ್ಪಂದ' ಜಾರಿಗೆ ಬಂದಿತು. ಅಲ್ಲಿಯವರೆಗೆ ಹತ್ತಿ ಬಟ್ಟೆಗೆ ಮಾತ್ರ ಇದ್ದ ಅಂತಾರಾಷ್ಟ್ರೀಯ ನಿರ್ಬಂಧವನ್ನು ಉಣ್ಣೆಗೂ ಕೃತಕ ನಾರಿಗೂ ವಿಸ್ತರಿಸಿದ ಒಪ್ಪಂದವಿದು. ಶ್ರೀಮಂತ ದೇಶಗಳು ಪ್ರತಿ ರಫ್ತು ದೇಶದಿಂದ ವರ್ಷಕ್ಕೆ ಎಷ್ಟು ಡಜನ್ ಅಂಗಿ, ಎಷ್ಟು ಡಜನ್ ಸ್ವೆಟರ್ ಬರಬಹುದೆಂದು ಮಿತಿ ಹಾಕಿದವು. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳು ರಫ್ತಿಗೆ ತೊಡಗಿ ಬೆಳೆದದ್ದೂ ಈ ಕೋಟಾದ ಕಾಲದಲ್ಲಿಯೇ.

ಕೋಟಾ ಹಾಕಬೇಕಾದರೆ ಎಣಿಸಬೇಕು. ಎಣಿಸಬೇಕಾದರೆ ವಿಂಗಡಿಸಬೇಕು. ಅಮೆರಿಕ ಉಡುಪುಗಳಿಗೆ ಮೂರು ಅಂಕಿಗಳ ವರ್ಗಸಂಖ್ಯೆ ಕೊಟ್ಟಿತು. ಉಣ್ಣೆಯ ಹೆಂಗಸರ ಕೋಟು 435, ಉಣ್ಣೆಯ ಗಂಡಸರ ಸ್ವೆಟರ್ 445, ಹೆಂಗಸರ ಸ್ವೆಟರ್ 446. ರಫ್ತು ದೇಶವೊಂದರ 446ನೇ ವರ್ಗದ ಕೋಟಾ ತುಂಬಿಹೋಗಿದ್ದರೆ 'ಇದು ಸ್ವೆಟರ್' ಎಂಬ ಅಧಿಕಾರಿಯ ಒಂದು ತೀರ್ಮಾನದಿಂದ ಸರಕು ಬಂದರಿನಲ್ಲೇ ಉಳಿಯಬೇಕಾಗುತ್ತಿತ್ತು. 'ಇದು ಕೋಟು' ಎಂದಾದರೆ, ಆ ವರ್ಗದಲ್ಲಿ ಅವಕಾಶವಿದ್ದರೆ, ಒಳಗೆ ಬರುತ್ತಿತ್ತು. ಸಾವಿರಾರು ಮೈಲಿ ದೂರದ ಹೆಣಿಗೆ ಕಾರ್ಖಾನೆಯ ಕೆಲಸ ಹೀಗೆ ಹೆಸರಿನ ಪ್ರಶ್ನೆಗೆ ತಗಲಿಕೊಂಡಿತು.

ತಯಾರಕರು ಸುಮ್ಮನಿರಲಿಲ್ಲ. ಒಪ್ಪಂದದಲ್ಲಿ ಹತ್ತಿ, ಉಣ್ಣೆ, ಕೃತಕ ನಾರುಗಳ ಹೆಸರಿತ್ತೇ ಹೊರತು ರಾಮಿಯ ಹೆಸರಿರಲಿಲ್ಲ. ರಾಮಿ ಚೀನಾದಲ್ಲಿ ಬೆಳೆಯುವ, ತುರಿಕೆ ಗಿಡದ ಕುಟುಂಬಕ್ಕೆ ಸೇರಿದ ಸಸ್ಯ. ಅದರ ಕಾಂಡದ ನಾರು ಗಟ್ಟಿ, ಹೊಳಪಿನದು. 1980ರ ದಶಕದ ಆರಂಭದಲ್ಲಿ ರಾಮಿ ಮತ್ತು ಹತ್ತಿ ಬೆರೆಸಿದ ಸ್ವೆಟರುಗಳು ಚೀನಾ, ಹಾಂಗ್‌ಕಾಂಗ್‌ಗಳಿಂದ ಅಮೆರಿಕಕ್ಕೆ ಹರಿದವು. ತೊಡುವವರು ರಾಮಿಯನ್ನು ಬಯಸಿ ಕೇಳಿದ್ದರಿಂದ ಇದು ಆದದ್ದಲ್ಲ. ಪಟ್ಟಿಯಲ್ಲಿದ್ದ ಒಂದು ತೆರವು ಆ ಉಡುಪನ್ನು ಹುಟ್ಟಿಸಿತು. 1986ರಲ್ಲಿ ಒಪ್ಪಂದವನ್ನು ನವೀಕರಿಸುವಾಗ ರಾಮಿ, ನಾರಗಸೆ, ರೇಷ್ಮೆ ಮಿಶ್ರಣಗಳನ್ನೂ ಒಳಗೆ ಸೇರಿಸಿ ಆ ತೆರವನ್ನು ಮುಚ್ಚಲಾಯಿತು.

ಇದೇ ವರ್ಷಗಳಲ್ಲಿ ಇಂದು ಬಳಕೆಯಲ್ಲಿರುವ ಆರಂಕಿಯ ಪಟ್ಟಿ ರೂಪುಗೊಂಡಿತು. ಅದರ ಒಡಂಬಡಿಕೆ 1983ರ ಜೂನ್ 14ರಂದು ಅಂಗೀಕಾರವಾಗಿ 1988ರ ಜನವರಿ 1ರಿಂದ ಜಾರಿಗೆ ಬಂದಿತು. ಭಾರತ 1986ರಲ್ಲಿಯೇ ತನ್ನ ಸುಂಕಪಟ್ಟಿಯನ್ನು ಅದಕ್ಕೆ ಹೊಂದಿಸಿಕೊಂಡಿತ್ತು. ಅಮೆರಿಕ 1989ರ ಜನವರಿ 1ರಿಂದ ಸೇರಿಕೊಂಡು, ನಾರನ್ನು ಬೆಲೆಯಿಂದ ಅಳೆಯುವ ಹಳೆಯ ಕ್ರಮವನ್ನು ಬಿಟ್ಟು ತೂಕದಿಂದ ಅಳೆಯತೊಡಗಿತು. ಹಳೆಯ 6005 ಎಂಬ ಒಂದೇ ಮನೆ ಹೊಸ ಪಟ್ಟಿಯಲ್ಲಿ ಹಲವು ಕೋಣೆಗಳಾಯಿತು: ಮೇಲಂಗಿಗೆ ಗಂಡಸರದು 6101, ಹೆಂಗಸರದು 6102, ಸೂಟು, ಜಾಕೆಟ್ಟುಗಳಿಗೆ ಗಂಡಸರದು 6103, ಹೆಂಗಸರದು 6104, ಸ್ವೆಟರಿನಂಥವು ಮಾತ್ರ ಗಂಡು ಹೆಣ್ಣೆಂಬ ಭೇದವಿಲ್ಲದೆ 6110. ಬ್ರಸೆಲ್ಸ್ ನಾಮಾವಳಿಯಲ್ಲಿ ಲಿಂಗಭೇದವಿಲ್ಲದಿದ್ದ ಹೆಣಿಗೆಯ ಜಾಕೆಟ್ಟಿಗೆ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಆ ಭೇದ ಬಂದದ್ದು ಹೀಗೆ.

ಕುಣಿಕೆ, ತುಂಡು, ಗುಂಡಿ

ಹಾಗಾದರೆ ಅಧಿಕಾರಿ ಮೇಜಿನ ಮೇಲಿನ ಉಡುಪನ್ನು ಹೇಗೆ ಗುರುತಿಸುತ್ತಾನೆ? ಚೀಟಿಯಲ್ಲಿ ವ್ಯಾಪಾರಿ ಬರೆದ ಹೆಸರು ಪ್ರಮಾಣವಲ್ಲ. ನಿಯಮಗಳು ಕೈಯಿಂದ ಮುಟ್ಟಿ ಅಳೆಯಬಹುದಾದ ಗುಣಗಳನ್ನು ಕೇಳುತ್ತವೆ.

ಮೊದಲನೆಯದು ನಾರು. ಉಣ್ಣೆಯೆಂದರೆ ಕುರಿಯ ರೋಮ ಮಾತ್ರ. ಕಾಶ್ಮೀರ ಮೇಕೆ, ಅಂಗೋರಾ ಮೊಲ, ಅಲ್ಪಾಕ, ಯಾಕ್, ಒಂಟೆಗಳದು 'ನಯವಾದ ಪ್ರಾಣಿರೋಮ'. ಸೂಕ್ಷ್ಮದರ್ಶಕದಲ್ಲಿ ಈ ರೋಮಗಳ ಮೈಮೇಲೆ ಹೆಂಚು ಹೊದಿಸಿದಂತೆ ಪೊರೆಗಳು ಕಾಣುತ್ತವೆ. ಕಾಶ್ಮೀರ ಮೇಕೆಯ ರೋಮದ ಪೊರೆಯ ಅಂಚು ಕುರಿಯದಕ್ಕಿಂತ ತೆಳು. ಮಿಶ್ರಣದಲ್ಲಿ ಉಣ್ಣೆ ಎಷ್ಟಿದೆಯೆಂದು ತಿಳಿಯಲು ಮಾದರಿಯನ್ನು ಒಣಗಿಸಿ ತೂಗಿ, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಇಡುತ್ತಾರೆ. ಉಣ್ಣೆ ಪ್ರೋಟೀನಾದ್ದರಿಂದ ಕರಗುತ್ತದೆ, ಅಕ್ರಿಲಿಕ್ ಉಳಿಯುತ್ತದೆ. ಉಳಿದದ್ದನ್ನು ತೂಗಿದರೆ ಲೆಕ್ಕ ಸಿಕ್ಕಿತು.

ಲೆಕ್ಕ ಸಿಕ್ಕ ಮೇಲೂ ನಿಯಮ ಬೇಕು. ಉಣ್ಣೆ ಶೇಕಡ 40, ಅಕ್ರಿಲಿಕ್ 35, ನೈಲಾನ್ 25 ಇರುವ ಸ್ವೆಟರ್ ಯಾವುದರದು? ಬಿಡಿಬಿಡಿಯಾಗಿ ನೋಡಿದರೆ ಉಣ್ಣೆಯೇ ಹೆಚ್ಚು. ಆದರೆ ಕೃತಕ ನಾರಿನ ಎರಡು ಅಧ್ಯಾಯಗಳನ್ನು ಬೇರೆ ನಾರಿನ ಜೊತೆ ಹೋಲಿಸುವಾಗ ಒಂದೇ ಎಂದು ಎಣಿಸಬೇಕೆಂಬುದು ನಿಯಮ. ಆದ್ದರಿಂದ 35 ಮತ್ತು 25 ಸೇರಿ 60 ಆಗಿ ಅದು ಕೃತಕ ನಾರಿನ ಉಡುಪಾಗುತ್ತದೆ.

ಎರಡನೆಯದು ಕುಣಿಕೆಯ ಸಾಂದ್ರತೆ. ಹತ್ತು ಸೆಂಟಿಮೀಟರ್ ಉದ್ದಗಲದ ಜಾಗದಲ್ಲಿ ಎಣಿಸಿದಾಗ ಎರಡೂ ದಿಕ್ಕಿನಲ್ಲಿ ಸೆಂಟಿಮೀಟರಿಗೆ ಸರಾಸರಿ ಹತ್ತು ಕುಣಿಕೆಗಿಂತ ಕಡಿಮೆ ಇದ್ದರೆ ಆ ಹೆಣೆದ ಉಡುಪು ಷರ್ಟು ಅಥವಾ ಬ್ಲೌಸಿನ ಶೀರ್ಷಿಕೆಗೆ ಸೇರಲಾರದು. ಸೊಂಟದ ಕೆಳಗೆ ಜೇಬಿದ್ದರೂ, ಕೆಳ ಅಂಚಿನಲ್ಲಿ ಬಿಗಿಯುವ ರಿಬ್ಬು ಇದ್ದರೂ ಸೇರದು. ಅಮೆರಿಕದ ಅಂಕಿಅಂಶದ ಟಿಪ್ಪಣಿ ಸ್ವೆಟರಿಗೆ ತನ್ನದೇ ಅಳತೆ ಹೇಳುತ್ತದೆ: ಕುಣಿಕೆ ಮೂಡಿದ ದಿಕ್ಕಿನಲ್ಲಿ ಎರಡು ಸೆಂಟಿಮೀಟರಿಗೆ ಒಂಬತ್ತು ಅಥವಾ ಅದಕ್ಕಿಂತ ಕಡಿಮೆ ಕುಣಿಕೆ.

ಮೂರನೆಯದು ರಚನೆ. 6103, 6104ರ ಜಾಕೆಟ್ಟು ಎನ್ನಿಸಿಕೊಳ್ಳಲು ಮುಂಭಾಗ ಪೂರ್ತಿ ತೆರೆಯಬೇಕು. ತೋಳುಗಳನ್ನು ಬಿಟ್ಟು ಹೊರಮೈ ಕನಿಷ್ಠ ಮೂರು ತುಂಡುಗಳನ್ನು, ಅವುಗಳಲ್ಲಿ ಎರಡು ಮುಂದೆ ಬರುವಂತೆ, ಉದ್ದಕ್ಕೆ ಜೋಡಿಸಿ ಹೊಲಿದದ್ದಾಗಿರಬೇಕು. ಜಿಪ್ ಇರಬಾರದು. ತೊಡೆಯ ನಡುಭಾಗವನ್ನು ದಾಟಿ ಇಳಿಯಬಾರದು. ಇಲ್ಲಿ ಒಂದು ತೊಡಕಿದೆ. ಸಾಮಾನ್ಯ ಕಾರ್ಡಿಗನ್ನಿಗೂ ಮುಂದೆರಡು, ಹಿಂದೊಂದು ಎಂದು ಮೂರು ತುಂಡುಗಳಿರಬಹುದು. ಆಗ ಕತ್ತರಿಸಿದ ರೀತಿ, ಕೊರಳ ಮಡಿಕೆ, ಒಳಪದರ, ಬಟ್ಟೆಯ ದಪ್ಪ ಇವನ್ನೆಲ್ಲ ಒಟ್ಟಿಗೆ ನೋಡಬೇಕಾಗುತ್ತದೆ. ಷರ್ಟು ಮತ್ತು ಜಾಕೆಟ್ಟು ಎರಡರ ಲಕ್ಷಣವೂ ಇರುವ ಉಡುಪಿಗಾಗಿ ಅಮೆರಿಕದ ಕಸ್ಟಮ್ಸ್ 1988ರಲ್ಲಿ ಲಕ್ಷಣಗಳ ಒಂದು ಪಟ್ಟಿ ಹೊರಡಿಸಿತು. ಚದರ ಗಜಕ್ಕೆ 10 ಔನ್ಸ್ ಅಥವಾ ಹೆಚ್ಚು ತೂಕ (ಚದರ ಮೀಟರಿಗೆ ಸುಮಾರು 340 ಗ್ರಾಂ), ಒಳಪದರ, ಸೊಂಟದಲ್ಲಿ ಅಥವಾ ಕೆಳಗೆ ಜೇಬು, ದೊಡ್ಡ ಗುಂಡಿ, ಗಟ್ಟಿ ಜಿಪ್, ಕೊರಳ ಮಡಿಕೆ ಮೊದಲಾದವುಗಳಲ್ಲಿ ಕನಿಷ್ಠ ಮೂರಿದ್ದರೆ ಅದನ್ನು ಕೋಟೆಂದು ಎಣಿಸಬಹುದು ಎಂದಿತು.

ನಾಲ್ಕನೆಯದು ಗುಂಡಿ. ಮುಂಭಾಗದಲ್ಲಿ ಎಡಬದಿ ಬಲಬದಿಯ ಮೇಲೆ ಬಂದರೆ ಗಂಡಸರದು, ಬಲಬದಿ ಎಡಬದಿಯ ಮೇಲೆ ಬಂದರೆ ಹೆಂಗಸರದು. ಉಡುಪಿನ ಕತ್ತರಿಕೆಯೇ ಸ್ಪಷ್ಟವಾಗಿ ಹೇಳುವಂತಿದ್ದರೆ ಈ ನಿಯಮ ಬೇಕಿಲ್ಲ. ಯಾರದೆಂದು ಗುರುತಿಸಲು ಸಾಧ್ಯವೇ ಇಲ್ಲದಿದ್ದರೆ? ಅದು ಹೆಂಗಸರ ಶೀರ್ಷಿಕೆಗೇ ಸೇರತಕ್ಕದ್ದು ಎಂದು ನಿಯಮ ಹೇಳುತ್ತದೆ.

ಇಷ್ಟಾದರೂ ಅನುಮಾನ ಉಳಿಯುವುದುಂಟು. ಆದ್ದರಿಂದ ಅಮೆರಿಕದಲ್ಲಿ ಆಮದುದಾರರು ಸರಕು ತರಿಸುವ ಮೊದಲೇ ಮಾದರಿ ಕಳುಹಿಸಿ ಲಿಖಿತ ನಿರ್ಣಯ ಪಡೆಯಬಹುದು. ಭಾರತದಲ್ಲಿಯೂ ಇಂಥ ಮುಂಗಡ ನಿರ್ಣಯದ ವ್ಯವಸ್ಥೆಯಿದೆ.

ನೀವೇ ಎಣಿಸಿ ನೋಡಿ

ಮನೆಯಲ್ಲಿರುವ ಒಂದು ಸ್ವೆಟರನ್ನು ಎಳೆಯದೆ ಮೇಜಿನ ಮೇಲೆ ಹರಡಿ. ರಟ್ಟಿನಲ್ಲಿ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಕಿಂಡಿ ಕತ್ತರಿಸಿ ಅದರ ಮೇಲಿಡಿ. ಭೂತಗನ್ನಡಿಯ ಸಹಾಯದಿಂದ ಅಡ್ಡಸಾಲಿನ ಕುಣಿಕೆಗಳನ್ನೂ ಉದ್ದಸಾಲಿನ ಕುಣಿಕೆಗಳನ್ನೂ ಎಣಿಸಿ ತಲಾ 10ರಿಂದ ಭಾಗಿಸಿ. ಬಳಿಕ ತೆಳುವಾದ ಟೀ ಷರ್ಟೊಂದರಲ್ಲಿ ಇದನ್ನೇ ಮಾಡಿ. ಟೀ ಷರ್ಟು ಕೂಡ ಹೆಣೆದದ್ದೇ ಎಂಬುದು ಕನ್ನಡಿಯಲ್ಲಿ ಕಂಡುಬರುತ್ತದೆ. ಎರಡರ ಸಂಖ್ಯೆಗಳನ್ನು ಹೋಲಿಸಿದರೆ ಹತ್ತು ಕುಣಿಕೆಯ ಗೆರೆ ಏಕೆ ಬೇಕಾಯಿತೆಂದು ತಿಳಿಯುತ್ತದೆ.

ಭಾರ ಯಾರ ಮೇಲೆ?

ಕೋಟಾಗಳು 2005ರ ಜನವರಿ 1ಕ್ಕೆ ಕೊನೆಗೊಂಡವು. ಸುಂಕ ಉಳಿಯಿತು. ಅಮೆರಿಕದ ಪಟ್ಟಿಯಲ್ಲಿ ಹೆಚ್ಚಿನ ದೇಶಗಳಿಗೆ ಅನ್ವಯಿಸುವ ಮೂಲ ದರಗಳನ್ನು ನೋಡೋಣ. (ಆಗಾಗ ಹೇರುವ ಹೆಚ್ಚುವರಿ ಸುಂಕಗಳೂ ಕೆಲವು ದೇಶಗಳಿಗೆ ಕೊಡುವ ರಿಯಾಯಿತಿಗಳೂ ಈ ಲೆಕ್ಕದಲ್ಲಿಲ್ಲ.) ಉಣ್ಣೆಯ ಹೆಣೆದ ಹೆಂಗಸರ ಜಾಕೆಟ್ಟಿಗೆ ಕಿಲೋವಿಗೆ 54.8 ಸೆಂಟ್ ಮತ್ತು ಬೆಲೆಯ ಶೇಕಡ 16. ಅಂಥದೇ ಗಂಡಸರ ಜಾಕೆಟ್ಟಿಗೆ ಕಿಲೋವಿಗೆ 38.6 ಸೆಂಟ್ ಮತ್ತು ಶೇಕಡ 10. ಉಣ್ಣೆಯ ಸ್ವೆಟರಿಗೆ ಶೇಕಡ 16 ಮಾತ್ರ, ತೂಕದ ಸುಂಕವಿಲ್ಲ.

ಇಪ್ಪತ್ತು ಡಾಲರ್ ಬೆಲೆಯ, 600 ಗ್ರಾಂ ತೂಕದ ಜಾಕೆಟ್ಟಿಗೆ ಲೆಕ್ಕ ಹಾಕಿದರೆ ಹೆಂಗಸರದಕ್ಕೆ 3 ಡಾಲರ್ 53 ಸೆಂಟ್, ಗಂಡಸರದಕ್ಕೆ 2 ಡಾಲರ್ 23 ಸೆಂಟ್. ಗುಂಡಿ ಯಾವ ಬದಿಯಲ್ಲಿದೆ ಎಂಬುದರ ಬೆಲೆ 1 ಡಾಲರ್ 30 ಸೆಂಟ್. ಅಧಿಕಾರಿ ಅದನ್ನು ಸ್ವೆಟರೆಂದರೆ 3 ಡಾಲರ್ 20 ಸೆಂಟ್. ಇನ್ನು 600 ಗ್ರಾಂನದೇ ಆದ, 200 ಡಾಲರಿನ ಹೆಂಗಸರ ಜಾಕೆಟ್ಟು ಬಂದರೆ ಸುಂಕ ಬೆಲೆಯ ಶೇಕಡ 16.2 ಆಗುತ್ತದೆ. 20 ಡಾಲರಿನದಕ್ಕೆ ಅದು ಶೇಕಡ 17.6. 1867ರ ತೂಕದ ಸುಂಕ ಅಗ್ಗದ ಉಡುಪಿನ ಮೇಲೆ ಹೆಚ್ಚು ಕೂರುವ ತನ್ನ ಗುಣವನ್ನು ಬಿಟ್ಟಿಲ್ಲ.

ನಾರಿನ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು. ಪೂರ್ತಿ ಕಾಶ್ಮೀರ ಮೇಕೆಯ ರೋಮದ ಸ್ವೆಟರಿಗೆ ಸುಂಕ ಶೇಕಡ 4, ಕುರಿಯ ಉಣ್ಣೆಗೆ 16, ಸಾಮಾನ್ಯ ಅಕ್ರಿಲಿಕ್ ಸ್ವೆಟರಿಗೆ 32. ಇದರಂತೆ 200 ಡಾಲರಿನ ಕಾಶ್ಮೀರ ಸ್ವೆಟರಿಗೆ 8 ಡಾಲರ್, 20 ಡಾಲರಿನ ಅಕ್ರಿಲಿಕ್ ಸ್ವೆಟರಿಗೆ 6 ಡಾಲರ್ 40 ಸೆಂಟ್. ಯಾವುದನ್ನು ಯಾರು ತೊಡುತ್ತಾರೆಂದು ಬೇರೆ ಹೇಳಬೇಕಾಗಿಲ್ಲ.

ಗಂಡು ಹೆಣ್ಣಿನ ಭೇದವನ್ನು ಅಮೆರಿಕದ ಆಮದುದಾರರು ನ್ಯಾಯಾಲಯದಲ್ಲಿ ಪ್ರಶ್ನಿಸಿದ್ದಾರೆ. ಮೊದಲ ಮೊಕದ್ದಮೆ ತೊಗಲಿನ ಕೈಗವಸಿನದು. ಅಲ್ಲಿ ಗಂಡಸರದಕ್ಕೇ ಹೆಚ್ಚು: ಶೇಕಡ 14, ಉಳಿದವರದಕ್ಕೆ 12.6. ದರ ಬೇರೆ ಎಂಬುದಷ್ಟರಿಂದಲೇ ತಾರತಮ್ಯ ಮಾಡುವ ಉದ್ದೇಶವಿತ್ತೆಂದು ಹೇಳಲಾಗದು ಎಂದು ಮೇಲ್ಮನವಿ ನ್ಯಾಯಾಲಯ 2010ರಲ್ಲಿ ತೀರ್ಪು ಕೊಟ್ಟಿತು. ಪಾದರಕ್ಷೆ ಮತ್ತು ಉಡುಪುಗಳ ಆಮದುದಾರರ ಮೊಕದ್ದಮೆಯಲ್ಲಿ 2013ರಲ್ಲೂ ಇದೇ ಆಯಿತು. ದರಗಳು ಅನೇಕ ದಶಕಗಳ ಅಂತಾರಾಷ್ಟ್ರೀಯ ಚೌಕಾಸಿಯಿಂದ ಒಂದೊಂದಾಗಿ ಇಳಿದು ಬಂದವು. ಚೌಕಾಸಿ ಮಾಡಿದವರ ಮುಂದೆ ಹೆಂಗಸರದೂ ಗಂಡಸರದೂ ಬೇರೆ ಬೇರೆ ಬಾಬುಗಳಾಗಿದ್ದವು. ಪಟ್ಟಿಯಲ್ಲಿ ಗೆರೆ ಎಳೆದ ಮೇಲೆ ಗೆರೆಯ ಎರಡೂ ಬದಿಗೆ ಎರಡು ದರ ಬರುವುದು ಸುಲಭ.

ಗೆರೆಗಳನ್ನು ಅಳಿಸುವುದೂ ಅಸಾಧ್ಯವಲ್ಲ. ವಿಶ್ವ ಕಸ್ಟಮ್ಸ್ ಸಂಸ್ಥೆ ಈ ಪಟ್ಟಿಯನ್ನು ಐದಾರು ವರ್ಷಗಳಿಗೊಮ್ಮೆ ಪರಿಷ್ಕರಿಸುತ್ತದೆ. 2007ರ ಪರಿಷ್ಕರಣೆಯಲ್ಲಿ ಗಂಡಸರ ಉಣ್ಣೆಯ ಹೆಣೆದ ಮೇಲಂಗಿಗಿದ್ದ 610110 ಎಂಬ ಸಂಖ್ಯೆಯನ್ನೇ ತೆಗೆದುಹಾಕಿ ಅದನ್ನು 'ಇತರೆ'ಗೆ ಸೇರಿಸಲಾಯಿತು. ಹೆಂಗಸರ 610210 ಉಳಿಯಿತು. 2022ರ ಪರಿಷ್ಕರಣೆ ಈಗ ಜಾರಿಯಲ್ಲಿದೆ, ಮುಂದಿನದು 2028ರ ಜನವರಿ 1ರಿಂದ ಜಾರಿಗೆ ಬರಲಿದೆ.

ಕುಣಿಕೆ ಎಣಿಸುವ ಭೂತಗನ್ನಡಿ, ನಾರು ಕರಗಿಸುವ ದ್ರಾವಣ, ತೂಕದ ತಕ್ಕಡಿ ಇವು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಇಬ್ಬರು ಅಧಿಕಾರಿಗಳು ಎಣಿಸಿದರೂ ಒಂದೇ ಉತ್ತರ ಬರಬೇಕೆಂಬುದೇ ಅವುಗಳ ಉದ್ದೇಶ, ಅಷ್ಟರಮಟ್ಟಿಗೆ ಈ ನಿಯಮಗಳು ವ್ಯಾಪಾರಿಯನ್ನೂ ಅಧಿಕಾರಿಯ ಮನಸೋಇಚ್ಛೆಯಿಂದ ಕಾಪಾಡುತ್ತವೆ. ಆದರೆ ಹತ್ತನೆಯ ಕುಣಿಕೆಯ ಬಳಿ ಗೆರೆ ಎಳೆಯಬೇಕೆಂದೂ ಗೆರೆಯ ಆಚೆಗೆ ಎಷ್ಟು, ಈಚೆಗೆ ಎಷ್ಟು ಎಂದೂ ಅವು ಹೇಳಲಾರವು. ಅದನ್ನು ಹೇಳಿದವರು ಕುರಿ ಸಾಕುವವರು, ಗಿರಣಿ ಮಾಲೀಕರು, ಕೋಟಾ ಹಂಚಿದ ಸರಕಾರಗಳು. ಅವರಲ್ಲಿ ಅನೇಕರ ಕಾರಣಗಳು ಕಾಲಕ್ಕೆ ಸಂದುಹೋಗಿವೆ. ಅವರು ಬಿಟ್ಟುಹೋದ ದರಗಳನ್ನು ಮಾತ್ರ ಇಪ್ಪತ್ತು ಡಾಲರಿನ ಜಾಕೆಟ್ಟು ಕೊಳ್ಳುವ ಹೆಣ್ಣುಮಗಳು ಇಂದಿಗೂ ತೆರುತ್ತಿದ್ದಾಳೆ.